ಖಾಲಿ ಪಡಸಾಲೆಗೆ ಬಂದ ಬೀಗರು

ಬೈಲಹೊಂಗಲ ಸೀಮೆಯ ಜನರಿಗೆ ಮನೆಯೊಳಗೆ ಹೇಗೆ ಬದುಕಬೇಕೆಂದು ಕಲಿಸುವ ಜವಾಬ್ದಾರಿಯನ್ನು ಯಾರೂ ನನಗೆ ವಹಿಸಿರಲಿಲ್ಲ. ನಾನಾಗಿಯೇ ವಹಿಸಿಕೊಂಡೆ. ವೃತ್ತಿಯಿಂದ ನಾನು ವಾಸ್ತುಶಿಲ್ಪಿ. ಊರವರು ಮಾತ್ರ 'ಇಂಜಿನೇರ್ರ' ಎಂದೇ ಕರೆಯುತ್ತಾರೆ. ಮೊದಮೊದಲು ಇವೆರಡಕ್ಕೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳುತ್ತಿದ್ದೆ. ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡು "ಆತು ಬಿಡ್ರಿ ಇಂಜಿನೇರ್ರ" ಎಂದು ಎದ್ದು ಹೋಗುತ್ತಿದ್ದರು. ಆಮೇಲೆ ಹೇಳುವುದನ್ನು ನಿಲ್ಲಿಸಿದೆ.

ನನ್ನ ಆಫೀಸು ಗೊಬ್ಬರದ ಅಂಗಡಿಯ ಮಹಡಿ ಮೇಲಿದೆ. ಆದರೆ ನನ್ನ ನಿಜವಾದ ಪೀಠ ಇರುವುದು ಧಾರವಾಡದಿಂದ ಹೊರಡುವ ಒಂದು ಮಾಸಪತ್ರಿಕೆಯಲ್ಲಿ. ಅದರಲ್ಲಿ ಪ್ರತಿ ತಿಂಗಳೂ ಆಧುನಿಕ ಮನೆಯ ಬಗ್ಗೆ ನನ್ನ ಅಂಕಣ ಬರುತ್ತದೆ, ಪಕ್ಕದಲ್ಲಿ ಗದ್ದಕ್ಕೆ ಕೈ ಹಚ್ಚಿಕೊಂಡ ನನ್ನ ಫೋಟೋ. 'ಖಾಲಿ ಜಾಗವೇ ಮನೆಯ ಆಭರಣ' ಎಂಬುದು ಆ ಅಂಕಣದ ಒಟ್ಟು ತತ್ವ. ಕಣ್ಣಿಗೆ ಬೀಳುವ ಪ್ರತಿಯೊಂದು ವಸ್ತುವೂ ಮನಸ್ಸಿಗೆ ಭಾರ, ಆದ್ದರಿಂದ ವಸ್ತುಗಳನ್ನು ತೆಗೆಯಿರಿ, ಗೋಡೆಗಳಿಗೆ ಉಸಿರಾಡಲು ಬಿಡಿರಿ ಎಂದು ನಾನು ತಿಂಗಳಿಗೊಮ್ಮೆ ಬರೆಯುತ್ತೇನೆ. ರಾಮದುರ್ಗದ ನಿವೃತ್ತ ಮಾಸ್ತರರೊಬ್ಬರು ಅದನ್ನೋದಿ ಮನೆಯ ಕಪಾಟನ್ನೇ ಮಾರಿಬಿಟ್ಟರಂತೆ. ಈಗ ಅರಿವೆಗಳನ್ನು ಎಲ್ಲಿಡಲಿ ಎಂದು ಕೇಳಲು ಫೋನ್ ಮಾಡಿದ್ದರು. ಅದನ್ನು ನಾನು ಮೆಚ್ಚುಗೆಯ ಕರೆ ಎಂದೇ ಭಾವಿಸಿದೆ.

ಈ ತತ್ವವನ್ನು ಕೃತಿಗಿಳಿಸಲು ಅವಕಾಶ ಸಿಕ್ಕದ್ದು ದೊಡವಾಡದಲ್ಲಿ. ಅದು ನನ್ನ ಹೆಂಡತಿ ಸುನಂದಾಳ ತವರು. ಮಾವನವರು ತೀರಿಕೊಂಡ ಮೇಲೆ ಅತ್ತೆ ಮತ್ತು ಅವರ ಮಗ ಈರಣ್ಣ ಹೊಸ ಮನೆ ಕಟ್ಟಿಸಲು ಹೊರಟಾಗ ನಕ್ಷೆ ಹಾಕಿದವನು ನಾನೇ. ಅಳಿಯನಿಗೆ ಎದುರು ಮಾತಾಡುವ ರೂಢಿ ಆ ಮನೆಯಲ್ಲಿಲ್ಲ. ಇಷ್ಟು ವರ್ಷವಾದರೂ ಅತ್ತೆಯವರು ನನ್ನ ಮುಂದೆ ತಲೆ ಮೇಲೆ ಸೆರಗು ಹೊದ್ದೇ ನಿಲ್ಲುತ್ತಾರೆ. ಆಧುನಿಕತೆಯನ್ನು ಜಾರಿಗೊಳಿಸಲು ಇದಕ್ಕಿಂತ ಒಳ್ಳೆಯ ಮನೆ ನನಗೆ ಸಿಗುವಂತಿರಲಿಲ್ಲ. ಹಿಡಿಕೆಗಳೇ ಇಲ್ಲದ, ಒತ್ತಿದರೆ ತೆರೆದುಕೊಳ್ಳುವ ಕಪಾಟು ಮಾಡಿಸಿದೆ. ಬಚ್ಚಲಮನೆಯ ಬಾಗಿಲು ಗೋಡೆಯ ಬಣ್ಣದಲ್ಲೇ ಬೆರೆತು, ಬಾಗಿಲು ಇದೆಯೆಂದೇ ಗೊತ್ತಾಗದಂತೆ ಮಾಡಿಸಿದೆ. ಒಳಗಿನ ದೀಪಕ್ಕೆ ಸ್ವಿಚ್ಚಿಲ್ಲ. ಮನುಷ್ಯ ಅಲುಗಾಡಿದರೆ ತಾನೇ ಹತ್ತುತ್ತದೆ, ಸುಮ್ಮನಿದ್ದರೆ ತಾನೇ ಆರುತ್ತದೆ.

ಮನೆ ಮುಗಿದು ತಿಂಗಳೊಳಗೆ ಅತ್ತೆಯವರು ನನ್ನ ಖಾಲಿ ಪಡಸಾಲೆಯನ್ನು ತುಂಬಿಬಿಟ್ಟರು! ಒಂದು ಗೋಡೆಗೆ ಜೋಳ, ಗೋಧಿ, ಕಡಲೆಯ ಚೀಲಗಳು. ಇನ್ನೊಂದು ಗೋಡೆಗೆ ಹಿತ್ತಾಳೆಯ ಕೊಡಗಳು, ತಾಮ್ರದ ಹಂಡೆ. ಅವುಗಳ ಮೇಲೆ ಸ್ಟೀಲ್ ಡಬ್ಬಿಗಳ ಸಾಲು. ಮೂಲೆಯಲ್ಲಿ ಕೌದಿಗಳ ಒಟ್ಟಿಲು, ಟ್ರಂಕು, ಹೊಲಿಗೆ ಯಂತ್ರ. ಎದುರಿಗೆ ಹಾರ ಹಾಕಿದ ಮಾವನವರ ದೊಡ್ಡ ಫೋಟೋ. ಇದೆಲ್ಲ ಯಾಕೆ ಎಂದು ಕೇಳಿದರೆ, ಒಕ್ಕಲುತನದ ಮನೆಯೆಂದ ಮೇಲೆ ಇಷ್ಟಾದರೂ ಕಾಣಬೇಕಲ್ಲ ಎಂದು ಸೆರಗಿನೊಳಗಿಂದಲೇ ಉತ್ತರ ಬಂತು. ನನ್ನ ಗೋಡೆಗಳು ಉಸಿರುಗಟ್ಟಿ ನಿಂತಿದ್ದವು.

ಹೀಗಿರುವಾಗ ಪತ್ರಿಕೆಯ ಸಂಪಾದಕರು, ಹಳ್ಳಿಯಲ್ಲೊಂದು ಮಾದರಿ ಮನೆ ಎಂದು ಆ ಮನೆಯ ಫೋಟೋಗಳನ್ನು ಹಾಕಲು ಒಪ್ಪಿದರು. ರವಿವಾರ ಧಾರವಾಡದಿಂದ ಫೋಟೋಗ್ರಾಫರ್ ಬರುವುದೆಂದು ಗೊತ್ತಾಯಿತು. ಶನಿವಾರ ಸಂಜೆಯೇ ನಾನು ಸುನಂದಾಳನ್ನು ಕರೆದುಕೊಂಡು ದೊಡವಾಡಕ್ಕೆ ಹೋದೆ. ಪಕ್ಕದ ಮನೆಯ ಶಿವಕ್ಕ ನಮ್ಮ ಅತ್ತೆಯವರ ಜೀವದ ಗೆಳತಿ. ಒಂದು ದಿನದ ಮಟ್ಟಿಗೆ ಸಾಮಾನು ಇಟ್ಟುಕೊಳ್ಳಬೇಕೆಂದಾಗ ಆಕೆ ಬೇಡವೆನ್ನಲಿಲ್ಲ. ಈರಣ್ಣ ಮತ್ತು ಶಿವಕ್ಕನ ಮಗ ಮಂಜು ಸೇರಿ ಚೀಲ, ಕೊಡ, ಹಂಡೆ, ಟ್ರಂಕು, ಕೌದಿ, ಕುರ್ಚಿ ಎಲ್ಲವನ್ನೂ ಕಂಪೌಂಡ್ ದಾಟಿಸಿದರು. ಅಡುಗೆಮನೆಯ ಡಬ್ಬಿಗಳೂ ಹೋದವು. ಕಪಾಟು ತೆರೆದಿಟ್ಟು ಒಂದು ಫೋಟೋ ಬೇಕಾದೀತೆಂದು ಕಪಾಟುಗಳನ್ನೂ ಬರಿದು ಮಾಡಿಸಿದೆ. ಹಿತ್ತಲಲ್ಲಿ ಎಮ್ಮೆಗಳು ಕಂಡರೆ ಚಿತ್ರ ಕೆಡುತ್ತದೆಂದು, ಬೆಳಗಾಗುತ್ತಲೇ ಅವನ್ನು ಹೊಲಕ್ಕೆ ಹೊಡೆಯಲು ಹೇಳಿದೆ. ಕೊನೆಗೆ ಉಳಿದದ್ದು ಮಾವನವರ ಫೋಟೋ.

"ಅಳ್ಯಾರ, ಯಜಮಾನ್ರೂ ಹೋಗಬೇಕೇನ್ರಿ?" ಎಂದು ಅತ್ತೆಯವರು ಮೆಲ್ಲಗೆ ಕೇಳಿದರು.

ಒಂದೇ ದಿನ ಎಂದು ಸಮಾಧಾನ ಹೇಳಿದೆ. ಮಾವನವರೂ ಕಂಪೌಂಡ್ ದಾಟಿದರು.

ರವಿವಾರ ಬೆಳಿಗ್ಗೆ ಪಡಸಾಲೆ ನನ್ನ ಕನಸಿನಂತೆಯೇ ಇತ್ತು. ಬಿಳಿ ಗೋಡೆ, ಗೇಣೆತ್ತರದ ಒಂದು ಬಿಳಿ ಬೆಂಚು, ನೆಲದ ಮೇಲೆ ಎರಡು ದಿಂಬು. ಮೂಲೆಯಲ್ಲೊಂದು ಬಿಳಿ ಕುಂಡ, ಅದರಲ್ಲಿ ನಾನು ದಾರಿಯಲ್ಲಿ ಆರಿಸಿಕೊಂಡು ತಂದ ಒಂದು ಒಣಗಿದ ಜಾಲಿ ಟೊಂಗೆ. ನಾನು ನಡುವೆ ನಿಂತು ಸುತ್ತಲೂ ನೋಡಿ ಕಣ್ತುಂಬಿಕೊಂಡೆ. ಫೋಟೋಗ್ರಾಫರ್ ಫೋನ್ ಮಾಡಿ, ಮಧ್ಯಾಹ್ನದ ಬೆಳಕು ಚಂದ, ಊಟ ಮಾಡಿಕೊಂಡೇ ಬರುತ್ತೇನೆ ಎಂದ. ಅದಾದ ತುಸು ಹೊತ್ತಿಗೆ ಈರಣ್ಣನ ಫೋನ್ ಸದ್ದು ಮಾಡಿತು.

ಈರಣ್ಣನ ಬಗ್ಗೆ ಇಲ್ಲಿ ಹೇಳಲೇಬೇಕು. ಡಿಗ್ರಿ ಓದಿದ್ದಾನೆ, ಹೊಲ ಚೆನ್ನಾಗಿ ಮಾಡುತ್ತಾನೆ, ಚಟವಿಲ್ಲ. ಆದರೆ ವಯಸ್ಸು ಮೂವತ್ತು ದಾಟಿತ್ತು. ಈಗಿನ ದಿನಗಳಲ್ಲಿ ಒಕ್ಕಲುತನದ ಹುಡುಗನೆಂದರೆ ಹೆಣ್ಣಿನವರು ಫೋನಿನಲ್ಲೇ "ಹೇಳತೇವಿ" ಎಂದು ಇಟ್ಟುಬಿಡುತ್ತಾರೆ. ನೌಕರಿ ಬೇಕು, ತಿಂಗಳ ಪಗಾರ ಬೇಕು. ಇಂಥದರಲ್ಲಿ ಸಿರಸಂಗಿಯ ಒಂದು ಸಂಬಂಧ ಮಾತ್ರ ಜಾತಕ ದಾಟಿ, ಫೋಟೋ ದಾಟಿ, ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪುವವರೆಗೂ ಬಂದಿತ್ತು. ಇನ್ನು ಹೆಣ್ಣಿನ ಕಡೆಯ ಹಿರಿಯರು ಮನೆ ನೋಡಲು ಬರುವುದೊಂದೇ ಬಾಕಿ. ನಮ್ಮಲ್ಲಿ ಅದು ಕೊನೆಯ ಪರೀಕ್ಷೆ. ಬಂದವರು ಏನನ್ನೂ ಬಾಯಿಬಿಟ್ಟು ಕೇಳುವುದಿಲ್ಲ. ಚಹಾ ಕುಡಿಯುತ್ತ, ಮಳೆಯ ಮಾತಾಡುತ್ತ, ಚೀಲದ ಮೇಲೆ, ಪಾತ್ರೆಯ ಮೇಲೆ, ದನದ ಮೇಲೆ ಸುಮ್ಮನೆ ಕಣ್ಣಾಡಿಸಿ, ನಮ್ಮ ಹುಡುಗಿ ಈ ಮನೆಯಲ್ಲಿ ಉಂಡುಟ್ಟು ಇರುತ್ತಾಳೋ ಇಲ್ಲವೋ ಎಂದು ಅಳೆದುಕೊಂಡು ಹೋಗುತ್ತಾರೆ. ಅಮಾವಾಸ್ಯೆ ಕಳೆದ ಮೇಲೆ ಬರುತ್ತೇವೆಂದಿದ್ದ ಅವರು, ಬೈಲಹೊಂಗಲಕ್ಕೆ ಸಂತೆಗೆಲಸಕ್ಕೆ ಬಂದಿದ್ದೇವೆ, ದಿನ ಚಲೋ ಇದೆ, ಇವತ್ತೇ ಬಂದುಬಿಡುತ್ತೇವೆ ಎಂದು ಫೋನ್ ಮಾಡಿದ್ದರು.

ಅತ್ತೆಯವರು ಎದೆ ಹಿಡಿದುಕೊಂಡು ಕುಳಿತರು. ಸುನಂದಾ ನೇರ ನನ್ನ ಹತ್ತಿರ ಬಂದಳು.

"ಏನ್ರಿ, ಇನ್ನೂ ಒಂದ ತಾಸು ಐತಿ. ಎಲ್ಲಾರೂ ಕೈ ಹಚ್ಚಿದ್ರ ಚೀಲ, ಕೊಡ ಆದ್ರೂ ಒಳಗ ಬರತಾವ. ಫೋಟೋ ನಾಳೆನೂ ತಗಸಬಹುದು. ಇಂಥ ಮಂದಿ ನಾಳೆ ಬರೂದಿಲ್ಲ."

ಇಲ್ಲಿಯೇ ನಾನು ಸುಮ್ಮನೆ ಒಂದು ಚೀಲ ಎತ್ತಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ನನ್ನೊಳಗಿನ ಅಂಕಣಕಾರ ಎಚ್ಚೆತ್ತಿದ್ದ. "ಸುನಂದಾ, ಈಗಿನ ಕಾಲದಾಗ ಹೆಣ್ಣ ಕೊಡವ್ರು ಚೀಲ ನೋಡೂದಿಲ್ಲ, ಜೀವನಶೈಲಿ ನೋಡತಾರ" ಎಂದೆ. ಇಂಥ ಮನೆ ಇಡೀ ತಾಲ್ಲೂಕಿನಲ್ಲಿಲ್ಲ, ಅವರು ಒಳಗೆ ಕಾಲಿಟ್ಟ ಗಳಿಗೆಯೇ ಎಲೆ-ಅಡಿಕೆ ಕೇಳುತ್ತಾರೆ, ಎಲ್ಲ ನನ್ನ ಮೇಲೆ ಬಿಡಿ ಎಂದೆ. ಸುನಂದಾ ತಮ್ಮನ ಮುಖ ನೋಡಿದಳು. ಪಾಪ, ಈರಣ್ಣ "ಮಾಮಾ ಹೇಳಿದಂಗ ಆಗ್ಲಿ ಬಿಡಕ್ಕಾ" ಎಂದು ಹೊಸ ಅಂಗಿ ಹಾಕಿಕೊಳ್ಳಲು ಹೋದ. ಆ ಹುಡುಗನಿಗೆ ನನ್ನ ಮೇಲಿದ್ದ ನಂಬಿಕೆ ನೆನೆದರೆ ಈಗಲೂ ಮೈ ಬೆವರುತ್ತದೆ.

ಬಂದವರು ಮೂವರು. ಹುಡುಗಿಯ ದೊಡ್ಡಪ್ಪ ಚನ್ನಬಸಪ್ಪನವರು, ತಲೆಗೆ ಪಟಗ ಸುತ್ತಿದ ಭಾರೀ ಆಳು, ಮಾತೆಲ್ಲ ಅವರದೇ. ಅವರ ಹಿಂದೆ ಹುಡುಗಿಯ ತಂದೆ, ಅಣ್ಣನ ಮುಂದೆ ಬಾಯಿ ತೆರೆಯದವರು. ಜೊತೆಗೆ ಹುಡುಗಿಯ ಸೋದರತ್ತೆ. ಪಡಸಾಲೆಗೆ ಬಂದವರು ಸಾಲಾಗಿ ನಿಂತರು. ಕಣ್ಣಾಡಿಸಲು ಅವರಿಗೆ ಅಲ್ಲಿ ಏನೂ ಇರಲಿಲ್ಲ. ಕೂಡ್ರಲು ಹೇಳಿದಾಗ ಚನ್ನಬಸಪ್ಪನವರು ಆ ಬೆಂಚನ್ನು ಒಮ್ಮೆ ನೋಡಿ, ಇದು ಮಣೆಯೋ ಏನೋ ಎಂದು ಅನುಮಾನಿಸುತ್ತ ಇಳಿಯತೊಡಗಿದರು. ಇಳಿದೇ ಇಳಿದರು. ಕೊನೆಗೆ ಅವರ ಮೊಣಕಾಲು ಗದ್ದದ ಹತ್ತಿರ ಬಂದು ನಿಂತವು.

"ಮನಿ ಖಾಲಿ ಮಾಡಾಕತ್ತೀರೇನು?" ಎಂದು ಅಲ್ಲಿಂದಲೇ ಕೇಳಿದರು.

"ಮಾಡಿ ಮುಗಿಸೇವ್ರಿ!" ಎಂದೆ ಹೆಮ್ಮೆಯಿಂದ.

ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಗಾಂಭೀರ್ಯದಿಂದ ನನ್ನ ತತ್ವವನ್ನು ಆಲೋಚಿಸುತ್ತಿದ್ದಾರೆಂದುಕೊಂಡ ನಾನು, ವಸ್ತುಗಳಿಂದ ಮನುಷ್ಯನಿಗೆ ಆಗುವ ಹಾನಿಯ ಬಗ್ಗೆ ಒಂದು ಸಣ್ಣ ಭಾಷಣ ಮಾಡಿದೆ. ಸೋದರತ್ತೆಯ ಲಕ್ಷ್ಯ ಮಾತ್ರ ಜಾಲಿ ಟೊಂಗೆಯ ಮೇಲಿತ್ತು. ಒಲೆಗೆ ಹಾಕುವ ಕಟ್ಟಿಗೆಯನ್ನು ಪಡಸಾಲೆಯಲ್ಲಿ ಯಾಕೆ ಇಟ್ಟಿದ್ದೀರಿ ಎಂದು ಕೇಳಿದರು. ಅದು ಅಲಂಕಾರವೆಂದೆ. ಆಕೆ ನಮ್ಮ ಅತ್ತೆಯವರ ಕಡೆ ಬಹಳ ಮರುಕದಿಂದ ನೋಡಿದರು.

ಚಹಾದ ಹೊತ್ತಾಯಿತು. ಆಗ ಒಂದು ಸಂಗತಿ ಬೆಳಕಿಗೆ ಬಂತು. ಚಹಾಪುಡಿ, ಸಕ್ಕರೆ, ಕಪ್ಪು-ಬಸಿ ಎಲ್ಲವೂ ಶಿವಕ್ಕನ ಮನೆಯಲ್ಲಿದ್ದವು. ಅಡುಗೆಮನೆಗೆ ಗೋಡೆಯಿದ್ದಿದ್ದರೆ ಗುಟ್ಟಾಗಿ ತರಿಸಬಹುದಿತ್ತು. ಅಡುಗೆಮನೆಗೂ ಪಡಸಾಲೆಗೂ ನಡುವೆ ಗೋಡೆ ಇರಬಾರದೆಂದು ಹಟ ಮಾಡಿ ತೆಗೆಸಿದವನು ನಾನೇ! ಬೀಗರ ಕಣ್ಣೆದುರಿಗೇ ಸುನಂದಾ ಕಂಪೌಂಡಿನ ಹತ್ತಿರ ಹೋಗಿ, "ಶಿವಕ್ಕಾ, ಒಂದೀಟ ಸಕ್ಕರಿ ಕೊಡ" ಎಂದು ಕೈಯೊಡ್ಡಿದಳು. ಸ್ವಂತ ಡಬ್ಬಿಯ ಸ್ವಂತ ಸಕ್ಕರೆಯನ್ನು ಕಡ ತಂದಳು. ಆಮೇಲೆ ಹಾಲು. ಆಮೇಲೆ ಕಪ್ಪು. ಪ್ರತಿ ಸಲವೂ ಚನ್ನಬಸಪ್ಪನವರ ಹುಬ್ಬು ತುಸು ತುಸುವೇ ಪಟಗದೊಳಗೆ ಸರಿಯುತ್ತಿದ್ದವು.

ಚಹಾ ಕುಡಿದು ಅವರು ಏಳಬೇಕೆಂದರು. ಬೆಂಚು ಬಿಡಲಿಲ್ಲ. ಆಸರೆಗೆಂದು ಗೋಡೆಗೆ ಕೈ ಊರಿದರು. ಅದು ಗೋಡೆಯಲ್ಲ, ಕಪಾಟು. ಒತ್ತಿದ ಕೂಡಲೇ ಚಿಟಕ್ಕೆಂದು ತೆರೆಯಿತು. ಆ ಗಾಬರಿಯಲ್ಲಿ ಅವರು ಇನ್ನೊಂದನ್ನು ಹಿಡಿದರು, ಅದೂ ತೆರೆಯಿತು. ಮೂರನೆಯದೂ ತೆರೆಯಿತು. ನೆಲದಿಂದ ಮಾಳಿಗೆಯವರೆಗೆ ಒಂದು ಚಮಚವೂ ಇಲ್ಲದ ಕಪಾಟುಗಳು ಅವರ ಮುಂದೆ ಬಾಯ್ದೆರೆದು ನಿಂತವು. ಹೇಗೋ ಎದ್ದು ಹಿತ್ತಲ ಬಾಗಿಲಿನಿಂದ ಇಣುಕಿದರೆ ಅಲ್ಲಿ ಎಮ್ಮೆಗಳಿಲ್ಲದ ಬರೀ ಗೂಟಗಳು. ಅವರು ಬಚ್ಚಲ ಎಲ್ಲಿ ಎಂದಷ್ಟೇ ಕೇಳಿದರು.

ಅವರು ಎದುರಿಗೇ ಇದ್ದ ಬಾಗಿಲನ್ನು ಹುಡುಕುತ್ತ ಗೋಡೆ ಸವರಿಕೊಂಡು ಎರಡು ಸಲ ಹೋಗಿ ಬಂದ ಮೇಲೆ ನಾನೇ ಒತ್ತಿ ತೆರೆದುಕೊಟ್ಟೆ. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತು ಎಲ್ಲ ಶಾಂತವಾಗಿತ್ತು. ಆ ಶಾಂತತೆಯೇ ಮುಳುವಾಯಿತು. ಒಳಗೆ ಅಲುಗಾಟವಿಲ್ಲದ್ದರಿಂದ ದೀಪ ಆರಿತು.

"ಕರೆಂಟ್ ಹೋತೇನ್ರಿ?" ಎಂದು ಕತ್ತಲಿನಿಂದ ದನಿ ಬಂತು.

"ಇಲ್ಲರಿ ಹಿರ್ಯಾರ, ಕೈ ಬೀಸ್ರಿ, ಹತ್ತತೈತಿ."

ಒಳಗಿನಿಂದ ಉತ್ತರ ಬಂತು: "ಕೈ ಖಾಲಿ ಇಲ್ಲರಿ."

ತಲೆ ಅಲ್ಲಾಡಿಸಲು ಹೇಳಿದೆ. ದೀಪ ಹತ್ತಿತು, ಮತ್ತೆ ಆರಿತು, ಮತ್ತೆ ಹತ್ತಿತು. ಒಳಗೆ ಒಬ್ಬ ಮರ್ಯಾದಸ್ಥ ಹಿರಿಯರು ಎಡೆಬಿಡದೆ ತಲೆ ಅಲ್ಲಾಡಿಸುತ್ತಿದ್ದಾರೆಂಬುದು ಪಡಸಾಲೆಯಲ್ಲಿದ್ದ ಪ್ರತಿಯೊಬ್ಬರಿಗೂ ತಿಳಿಯುತ್ತಿತ್ತು. ಹುಡುಗಿಯ ತಂದೆ ನೆಲ ನೋಡುತ್ತ ಕುಳಿತರು. ಹೊರಗೆ ಬಂದ ಚನ್ನಬಸಪ್ಪನವರು ಪಟಗ ಸರಿಮಾಡಿಕೊಂಡು, ಚಪ್ಪಲಿ ಮೆಟ್ಟಿಕೊಳ್ಳುತ್ತ, "ಹೇಳಿ ಕಳಸ್ತೇವ್ರಿ" ಎಂದರು.

'ಹೇಳಿ ಕಳಸ್ತೇವಿ' ಎಂದರೆ ಏನೆಂದು ನಮ್ಮ ಕಡೆ ಹುಟ್ಟಿದ ಕೂಸಿಗೂ ಗೊತ್ತು. ಅವರು ಹೋದ ಮೇಲೆ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಈರಣ್ಣ ಹೊಸ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚುತ್ತ ಒಳಗೆ ಹೋದ. ಅತ್ತೆಯವರು ಕಪ್ಪುಗಳನ್ನು ತೊಳೆಯತೊಡಗಿದರು. ಒಬ್ಬ ಹುಡುಗನ ಬಾಳು ನನ್ನ ಒಂದು ಫೋಟೋಕ್ಕಾಗಿ ಹಾಳಾಗಿತ್ತು. ಅದೇ ಹೊತ್ತಿಗೆ ಫೋಟೋಗ್ರಾಫರ್ ಫೋನ್ ಮಾಡಿ, ಗಾಡಿ ಕೆಟ್ಟಿದೆ, ಇವತ್ತು ಆಗುವುದಿಲ್ಲ ಎಂದ. ಸುನಂದಾ ನನ್ನನ್ನು ಒಮ್ಮೆ ನೋಡಿದಳು. ನಾನು ಜಾಲಿ ಟೊಂಗೆಯ ಹಿಂದೆ ನಿಲ್ಲಲು ಪ್ರಯತ್ನಿಸಿದೆ.

ಆದರೆ ಬೀಗರು ಇನ್ನೂ ಊರು ಬಿಟ್ಟಿರಲಿಲ್ಲ. ಮನೆ ನೋಡಲು ಬಂದವರು ಹೋಗುವ ಮುಂಚೆ ಅಕ್ಕಪಕ್ಕದಲ್ಲಿ ಒಂದು ಮಾತು ವಿಚಾರಿಸಿ ಹೋಗುವುದು ರೂಢಿ. ಅವರು ವಿಚಾರಿಸಲು ಹೊಕ್ಕದ್ದು ಶಿವಕ್ಕನ ಮನೆಯನ್ನು. ಅಲ್ಲಿ ನಡೆದದ್ದನ್ನು ಶಿವಕ್ಕ ಆಮೇಲೆ ನಮಗೆಲ್ಲ ಅಭಿನಯ ಸಮೇತ ಹೇಳಿದಳು.

ಒಳಗೆ ಕಾಲಿಟ್ಟವರೇ ಮೂವರೂ ಬೆರಗಾಗಿ ನಿಂತರಂತೆ. ಗೋಡೆಗೆ ಒತ್ತಿ ನಿಂತ ಚೀಲಗಳು, ಮಾಳಿಗೆ ಮುಟ್ಟುವ ಕೊಡಗಳು, ಡಬ್ಬಿಗಳು, ಕೌದಿಗಳು. ಎರಡು ಮನೆಯ ಸಾಮಾನು ಒಂದೇ ಪಡಸಾಲೆಯಲ್ಲಿ! ಚನ್ನಬಸಪ್ಪನವರು ಹಗ್ಗ ಹೆಣೆದ ಹೊರಸಿನ ಮೇಲೆ ಆರಾಮಾಗಿ ಕುಳಿತು ಆಸೆ ತೀರುವಷ್ಟು ಕಣ್ಣಾಡಿಸಿದರು. ಬಾಗಿಲಲ್ಲಿ ನಿಂತಿದ್ದ ಮಂಜುವನ್ನು ನೋಡಿ, ನಿಮ್ಮ ಮಗನಿಗೆ ಲಗ್ನ ಆಗಿದೆಯೋ ಎಂದು ಕೇಳಿದರು. ಇಂಥ ತುಂಬಿದ ಮನೆ ಸಿಕ್ಕರೆ ಬಾಜೂಮನೆಯ ಮಾತೇ ಬಿಡುತ್ತೇವೆ ಎಂದೂ ಅಂದರು. ಮಂಜುವಿಗೂ ಹೆಣ್ಣು ಸಿಕ್ಕಿರಲಿಲ್ಲ. ಅವನದೂ ಈರಣ್ಣನದೇ ಗೋಳು.

"ಯವ್ವಾ, ನಾ ಯಾಕ ಸುಳ್ಳ ಹೇಳ್ಲಿ," ಎಂದಳು ಶಿವಕ್ಕ, "ಒಂದ ಗಳಿಗಿ ಬಾಯಿಗೆ ಹೂಂ ಬಂದಿತ್ತು ನೋಡು."

ಅಷ್ಟರಲ್ಲಿ ಚನ್ನಬಸಪ್ಪನವರು ಗೋಡೆಗೆ ಒರಗಿಸಿದ್ದ ನಮ್ಮ ಮಾವನವರ ಫೋಟೋಕ್ಕೆ ಕೈ ಮುಗಿದು, ಯಜಮಾನರು ತೀರಿಕೊಂಡು ಬಹಳ ದಿನವಾಯಿತೇ ಎಂದು ಶಿವಕ್ಕನನ್ನು ಕೇಳಿದರು. ಅದರ ಪಕ್ಕದಲ್ಲೇ ಕುಳಿತು ಶೇಂಗಾ ಸುಲಿಯುತ್ತಿದ್ದ ಶಿವಕ್ಕನ ಗಂಡ ಜೋರಾಗಿ ಕೆಮ್ಮಿದರು. ಇನ್ನು ಸುಳ್ಳು ಹೇಳಲು ಆಕೆಗೆ ದಾರಿಯಿರಲಿಲ್ಲ. ಇದ್ದರೂ ಹೇಳುತ್ತಿರಲಿಲ್ಲವೆಂದು ನನಗೆ ಗೊತ್ತು. "ಇದರಾಗ ನಮ್ಮದು ನೀವು ಕುಂತ ಹೊರಸ ಒಂದರಿ" ಎಂದು ಹೇಳಿಬಿಟ್ಟಳು. ಉಳಿದದ್ದೆಲ್ಲ ಬಾಜೂಮನೆಯವರದು, ಅವರ ಅಳಿಯ ಫೋಟೋ ತೆಗೆಸಲಿಕ್ಕೆ ಹೊರಗೆ ಹಾಕಿಸಿದ್ದಾನೆ, ಎಮ್ಮೆಗಳೂ ಹೊಲದಲ್ಲಿವೆ, ಹುಡುಗ ಮಾತ್ರ ಬಂಗಾರ ಎಂದಳು.

ಮೂವರೂ ತಿರುಗಿ ಬಂದರು. ಈ ಸಲ ನಾನು ಬಾಯಿ ತೆರೆಯಲಿಲ್ಲ. ಈರಣ್ಣ, ಮಂಜು, ನಾನು ಚೀಲಗಳನ್ನು ಬೆನ್ನ ಮೇಲೆ ಹೊತ್ತು ಒಂದೊಂದಾಗಿ ಒಳಗೆ ತಂದೆವು. ಆಮೇಲೆ ಕೊಡಗಳು ಬಂದವು, ಹಂಡೆ ಬಂತು, ಡಬ್ಬಿಗಳು ಬಂದವು. ಚನ್ನಬಸಪ್ಪನವರು ಒಂದು ಒಳ್ಳೆಯ ಎತ್ತರದ ಕುರ್ಚಿಯಲ್ಲಿ ಕುಳಿತು, ಬಂದದ್ದನ್ನೆಲ್ಲ ಕಣ್ತುಂಬ ನೋಡಿದರು. ಹುಡುಗಿಯ ತಂದೆ ಎದ್ದು ಬಂದು ಹಂಡೆಗೆ ಒಂದು ಕೈ ಕೊಟ್ಟರು. ಸೋದರತ್ತೆ ಕೌದಿಯ ಹೊಲಿಗೆ ಮುಟ್ಟಿ ನೋಡಿ, ಚಲೋ ಕೈ ಎಂದರು. ಈರಣ್ಣ ಯಾವಾಗಲೋ ಮತ್ತೆ ಹೊಸ ಅಂಗಿ ಹಾಕಿಕೊಂಡಿದ್ದ.

ಎಲ್ಲ ಸರಿಹೋಯಿತು ಅನ್ನುವಾಗ ಚನ್ನಬಸಪ್ಪನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅತ್ತೆಯವರ ಕಡೆ ತಿರುಗಿದರು.

"ತಂಗೀ, ಒಂದ ಮಾತ ಕೇಳತೇನಿ, ಸಿಟ್ಟಿಗೇಳಬ್ಯಾಡ. ತುಂಬಿದ ಮನಿ ಖಾಲಿ ಮಾಡಿ, ಒಣ ಕಟಗಿ ಇಟಗೊಂಡ ಕುಂದ್ರೂದು ನಿಮ್ಮ ಮನೆತನದಾಗ ಮೊದಲಿಂದ ಐತೇನು? ನಾಳೆ ಹುಡುಗಗೂ ಬಂದ್ರ?"

ನಾನು ಅತ್ತೆಯವರನ್ನು ನೋಡಿದೆ. ನನ್ನ ವಿದ್ಯೆ, ನನ್ನ ಬರಹ, ಅಳಿಯನ ಬಗ್ಗೆ ಅವರಿಗಿರುವ ಹೆಮ್ಮೆ, ಇವನ್ನೆಲ್ಲ ಹೇಳಿ ನನ್ನ ಮಾನ ಕಾಯಬಹುದೆಂದು ಕಾದೆ. ಅತ್ತೆಯವರು ಸೆರಗು ಸರಿಮಾಡಿಕೊಂಡರು.

"ಇಲ್ಲರಿ ಅಣ್ಣಾರ, ನಮ್ಮ ಮನೆತನದಾಗ ಯಾರಿಗೂ ಇಲ್ಲ. ಅವರು ಹೊರಗಿಂದ ಬಂದವರು, ಕಿತ್ತೂರ ಕಡ್ಯಾವರು. ನಮ್ಮ ರಕ್ತ ಅಲ್ಲ."

ಚನ್ನಬಸಪ್ಪನವರು ದೀರ್ಘವಾಗಿ ಉಸಿರು ಬಿಟ್ಟು, ಹಂಗಾದರೆ ಎಲೆ-ಅಡಿಕೆ ತರಿಸಿರಿ ಎಂದರು. ಸಂಬಂಧ ಅಲ್ಲೇ ಕುದುರಿತು. ನನ್ನ ಕೈಗೂ ಒಂದು ಎಲೆ ಬಂತು. ಅದನ್ನು ಜಗಿಯುತ್ತ ಕುಳಿತಾಗ ನನಗೆ ಸ್ಪಷ್ಟವಾಯಿತು: ನಕ್ಷೆ ಹಾಕಿ, ಗೋಡೆ ಕೆಡವಿಸಿ, ದೀಪ ಹಚ್ಚಿಸಿ ಆ ಮನೆಗೆ ನಾನು ಏನೆಲ್ಲ ಮಾಡಿದ್ದರೂ, ಮಾಡಿದ ಅತಿ ದೊಡ್ಡ ಉಪಕಾರವೆಂದರೆ ಅಲ್ಲಿ ಹುಟ್ಟದೇ ಇದ್ದದ್ದು!